ರ‍್ಯಾಕ್ ನೋಡುವ ಕ್ಯಾಮೆರಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ವಯಂಚಾಲಿತ ಗೋದಾಮುಗಳಲ್ಲಿ ರ‍್ಯಾಕ್, ಪ್ಯಾಲೆಟ್ (ಸರಕು ಪೇರಿಸುವ ಮಣೆ), ಕ್ರೇನ್‌ಗಳನ್ನು ಕ್ಯಾಮೆರಾದಿಂದ ತಪಾಸಣೆ ಮಾಡುವ ಬಗ್ಗೆ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿರುವುದರಿಂದ ಊರು ಮತ್ತು ಕೆಲಸವನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು 4 ಓಣಿಗಳ, 18 ಮೀಟರ್ ಎತ್ತರದ ಪ್ಯಾಲೆಟ್ ಗೋದಾಮು. ಓಣಿಗೊಂದು ಸ್ಟ್ಯಾಕರ್ ಕ್ರೇನ್ (ಓಣಿಯಲ್ಲಿ ಓಡಿ ಪ್ಯಾಲೆಟ್ ಇಡುವ, ತೆಗೆಯುವ ಯಂತ್ರ) ಇದೆ. ವಾರ್ಷಿಕ ರ‍್ಯಾಕ್ ತಪಾಸಣೆಗೆ ಮೂರು ದಿನ ಕೆಲಸ ನಿಲ್ಲಿಸಿ, ಜನರನ್ನು ಮೇಲಕ್ಕೆ ಹತ್ತಿಸಬೇಕಾಗುತ್ತದೆ. ಕ್ರೇನ್ ಮೇಲೆಯೇ ಕ್ಯಾಮೆರಾ ಕೂರಿಸಬಹುದೇ? ಯಾವ ಕ್ಯಾಮೆರಾ, ಯಾವ ಲೆನ್ಸ್?
— ನಿರ್ವಹಣಾ ಎಂಜಿನಿಯರ್, ದಾಬಸ್‌ಪೇಟೆ

ಉತ್ತರ: ಕೂರಿಸಬಹುದು. ಆದರೆ ಕ್ಯಾಮೆರಾ ಕೊಳ್ಳುವ ಮೊದಲು ಒಂದು ಲೆಕ್ಕ ಮಾಡಿಕೊಳ್ಳಿ. ನೀವು ನೋಡಬೇಕಾದ ಅತಿ ಚಿಕ್ಕ ದೋಷ ಯಾವುದು? ಬೀಮ್‌ನ (ಪ್ಯಾಲೆಟ್ ಕೂರುವ ಅಡ್ಡಪಟ್ಟಿಯ) ಕೊಕ್ಕೆ ಕಂಬದ ತೂತಿನಿಂದ ಎದ್ದಿರುವುದು, ಲಾಕ್ ಪಿನ್ ಬಿದ್ದುಹೋಗಿರುವುದು, ಬಣ್ಣ ಸಿಡಿದು ಕೂದಲೆಳೆಯ ಬಿರುಕು ಕಾಣುವುದು. ಬಿರುಕೊಂದನ್ನು ಹೊರತುಪಡಿಸಿದರೆ ಉಳಿದವೆಲ್ಲ ಕೆಲವು ಮಿಲಿಮೀಟರ್ ಗಾತ್ರದವು. ಒಂದು ದೋಷದ ಮೇಲೆ ಅಡ್ಡಡ್ಡಲಾಗಿ ಹತ್ತು ಪಿಕ್ಸೆಲ್ ಆದರೂ ಬಿದ್ದರೆ ಮನುಷ್ಯನ ಕಣ್ಣಿಗೂ ಸಾಫ್ಟ್‌ವೇರ್‌ಗೂ ಅನುಮಾನ ಉಳಿಯುವುದಿಲ್ಲ. ಅಂದರೆ ಪಿಕ್ಸೆಲ್ ಒಂದಕ್ಕೆ ಕಾಲು ಮಿ.ಮೀ. ಆಸುಪಾಸು ಬೇಕು.

ಈಗ ಲೆನ್ಸ್. 2448 × 2048 ಪಿಕ್ಸೆಲ್‌ನ, 3.45 ಮೈಕ್ರಾನ್ ಪಿಕ್ಸೆಲ್ ಇರುವ 5 ಮೆಗಾಪಿಕ್ಸೆಲ್ ಕಪ್ಪು-ಬಿಳುಪು ಕೈಗಾರಿಕಾ ಕ್ಯಾಮೆರಾ ಸುಲಭವಾಗಿ ಸಿಗುತ್ತದೆ. ಅದರ ಸೆನ್ಸರ್ ಅಗಲ ಸುಮಾರು 8.45 ಮಿ.ಮೀ. ಕ್ಯಾರಿಯೇಜ್ (ಕ್ರೇನಿನಲ್ಲಿ ಮೇಲೆ ಕೆಳಗೆ ಓಡುವ ಭಾಗ) ಪಕ್ಕದಲ್ಲಿ ಕೂರಿಸಿದಾಗ ರ‍್ಯಾಕ್ ಮುಖಕ್ಕೆ 500 ಮಿ.ಮೀ. ದೂರ ಇದ್ದರೆ, 8 ಮಿ.ಮೀ. ಲೆನ್ಸ್‌ಗೆ 8.45 × 500 ÷ 8, ಅಂದರೆ 528 ಮಿ.ಮೀ. ಅಗಲ ಕಾಣುತ್ತದೆ. ಪಿಕ್ಸೆಲ್‌ಗೆ 0.22 ಮಿ.ಮೀ. ಸಾಕು. ಕಂಬ ಮತ್ತು ಅದರ ಎರಡೂ ಬದಿಯ ಬೀಮ್ ತುದಿಗಳು ಒಂದೇ ಚಿತ್ರದಲ್ಲಿ ಬರುತ್ತವೆ. ಲೆನ್ಸ್ ತೂತನ್ನು ಎಫ್/5.6ಕ್ಕೆ (ಈ ಅಂಕಿ ಹೆಚ್ಚಿದಷ್ಟೂ ತೂತು ಚಿಕ್ಕದು) ಇಟ್ಟರೆ ಸುಮಾರು 43ರಿಂದ 59 ಸೆಂ.ಮೀ. ದೂರದವರೆಗೆ ಚಿತ್ರ ಚೊಕ್ಕವಾಗಿರುತ್ತದೆ. ಕ್ಯಾರಿಯೇಜ್ ಸ್ವಲ್ಪ ಓಲಾಡಿದರೂ ತೊಂದರೆಯಿಲ್ಲ. ಇನ್ನೂ ಆಳ ಬೇಕೆಂದು ಎಫ್/16ಕ್ಕೆ ಮುಚ್ಚಬೇಡಿ. ಬೆಳಕು ತೂತಿನ ಅಂಚಿನಲ್ಲಿ ಹರಡಿ ಇಡೀ ಚಿತ್ರವೇ ಮಂಕಾಗುತ್ತದೆ, ಕೊಟ್ಟ ಮೆಗಾಪಿಕ್ಸೆಲ್‌ಗಳ ದುಡ್ಡು ನೀರುಪಾಲು.

ಹೆಚ್ಚಿನವರು ಎಡವುವುದು ವೇಗದಲ್ಲಿ. ಕ್ರೇನ್ ನಿಮಿಷಕ್ಕೆ 160 ಮೀಟರ್ ಓಡುವಾಗ ಚಿತ್ರ ತೆಗೆದರೆ, ಒಂದು ಪಿಕ್ಸೆಲ್‌ಗಿಂತ ಹೆಚ್ಚು ಎಳೆದಾಡದಂತೆ ನೋಡಿಕೊಳ್ಳಲು ಶಟರ್ 80 ಮೈಕ್ರೋಸೆಕೆಂಡ್ ಮಾತ್ರ ತೆರೆದಿರಬೇಕು. ಅಷ್ಟು ಕಡಿಮೆ ಹೊತ್ತಿನಲ್ಲಿ ಬೆಳಕು ತುಂಬಿಸಲು ಭಾರಿ ಫ್ಲ್ಯಾಶ್ ಬೇಕು. ಆ ದಾರಿ ಹಿಡಿಯಬೇಡಿ. ಕ್ರೇನನ್ನು ಒಂದು ಕಂಬದ ಎದುರು ನಿಲ್ಲಿಸಿ, ಮಾಸ್ಟ್‌ನ (ಕ್ರೇನಿನ ಎತ್ತರದ ಕಂಬದ) ಓಲಾಟ ತಣಿಯಲು ಎರಡು-ಮೂರು ಸೆಕೆಂಡ್ ಬಿಟ್ಟು, ಕ್ಯಾರಿಯೇಜನ್ನು ಸೆಕೆಂಡಿಗೆ 0.2 ಮೀಟರ್ ವೇಗದಲ್ಲಿ ಕೆಳಗಿನಿಂದ ಮೇಲಕ್ಕೆ ಏರಿಸಿ. 18 ಮೀಟರ್‌ಗೆ 90 ಸೆಕೆಂಡ್. ಪ್ರತಿ 300 ಮಿ.ಮೀ.ಗೆ ಒಂದು ಚಿತ್ರ, ಕಂಬಕ್ಕೆ 60 ಚಿತ್ರ. ಒಂದು ಚಿತ್ರದ ಎತ್ತರ ಸುಮಾರು 440 ಮಿ.ಮೀ. ಆದ್ದರಿಂದ ಚಿತ್ರಗಳು ಒಂದರ ಮೇಲೊಂದು ಮೂರನೇ ಒಂದು ಭಾಗದಷ್ಟು ಹಾಯುತ್ತವೆ. ಈ ವೇಗಕ್ಕೆ 500 ಮೈಕ್ರೋಸೆಕೆಂಡ್ ಶಟರ್ ಧಾರಾಳ. ಎಡಕ್ಕೊಂದು ಬಲಕ್ಕೊಂದು ಕ್ಯಾಮೆರಾ ಇದ್ದು, ಬದಿಗೆ 40 ಕಂಬಗಳಿದ್ದರೆ ಓಣಿಗೆ 4800 ಚಿತ್ರ. ಏರುವುದಕ್ಕೇ ಒಂದು ಗಂಟೆ, ಇಳಿದು ಪಕ್ಕಕ್ಕೆ ಸರಿಯುವುದಕ್ಕೆ ಇನ್ನಷ್ಟು. ಸರಕು ಓಡಾಟ ಕಡಿಮೆ ಇರುವ ರಾತ್ರಿ ಒಂದೊಂದು ಓಣಿ ಮುಗಿಸಬಹುದು. ಮೂರು ದಿನ ಗೋದಾಮು ನಿಲ್ಲಿಸುವ ಪ್ರಮೇಯ ಬರುವುದಿಲ್ಲ.

ಚಿತ್ರ ತೆಗೆಯುವ ಗಳಿಗೆಯನ್ನು ಗಡಿಯಾರಕ್ಕೆ ಬಿಡಬೇಡಿ, ಎತ್ತರ ಅಳೆಯುವ ಎನ್‌ಕೋಡರ್‌ಗೆ ಜೋಡಿಸಿ. ಪ್ರತಿ ಚಿತ್ರದ ಹೆಸರಿನಲ್ಲೇ ಓಣಿ, ಬದಿ, ಕಂಬ, ಎತ್ತರ ಬರಲಿ. ಮುಂದಿನ ತಿಂಗಳು ಅದೇ ಜಾಗದ ಚಿತ್ರದ ಜತೆ ಹೋಲಿಸಲು ಇದೇ ಆಧಾರ. ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುವ ಗ್ಲೋಬಲ್ ಶಟರ್ ಇರುವ ಕ್ಯಾಮೆರಾವನ್ನೇ ತೆಗೆದುಕೊಳ್ಳಿ. ರೋಲಿಂಗ್ ಶಟರ್ ಸಾಲುಸಾಲಾಗಿ ಓದುವುದರಿಂದ ನೆಟ್ಟಗಿರುವ ಕಂಬವನ್ನೂ ಬಾಗಿದಂತೆ ತೋರಿಸಬಲ್ಲದು. ರ‍್ಯಾಕ್ ತಪಾಸಣೆಗೆ ಇದಕ್ಕಿಂತ ಕೆಟ್ಟ ದೋಷ ಇನ್ನೊಂದಿಲ್ಲ. ಬೆಳಕು ಕ್ಯಾಮೆರಾದ ಪಕ್ಕದಿಂದ ನೇರವಾಗಿ ಬೀಳದೆ 45 ಡಿಗ್ರಿ ಅಥವಾ ಇನ್ನೂ ಓರೆಯಾಗಿ ಬೀಳಬೇಕು. ಓರೆ ಬೆಳಕಿನಲ್ಲಿ ತಗ್ಗಿಗೆ ನೆರಳು ಬರುತ್ತದೆ, ನೇರ ಬೆಳಕಿನಲ್ಲಿ ತಗ್ಗು ಮಾಯವಾಗುತ್ತದೆ. ಚಾವಣಿಯ ದೀಪಗಳನ್ನು ನಂಬಬೇಡಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. 500 ಮೈಕ್ರೋಸೆಕೆಂಡ್ ಶಟರ್‌ಗೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಗೆ ಬರುತ್ತದೆ.

ಇದರ ಮಿತಿಯನ್ನೂ ಹೇಳಬೇಕು. ಕ್ಯಾರಿಯೇಜ್ ತೀರಾ ಕೆಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಕಂಬವನ್ನು ನೆಲಕ್ಕೆ ಬಿಗಿಯುವ ಬೇಸ್ ಪ್ಲೇಟ್ ಮತ್ತು ಆ್ಯಂಕರ್ ಬೋಲ್ಟ್‌ಗಳು ಅದರ ಕ್ಯಾಮೆರಾಕ್ಕೆ ಸಿಗುವುದೇ ಇಲ್ಲ. ಕ್ರೇನಿನ ಕೆಳಗಿನ ಚೌಕಟ್ಟಿನ ಮೇಲೆ ನೆಲ ನೋಡುವ ಇನ್ನೊಂದು ಜೋಡಿ ಕ್ಯಾಮೆರಾ ಬೇಕು. ಹಿಂದಿನ ಕಂಬ ಸರಕಿನ ಮರೆಯಲ್ಲಿರುತ್ತದೆ. ಅದನ್ನು ಖಾನೆ ಖಾಲಿಯಾದಾಗಲೇ ಹಿಡಿಯಬೇಕು. ಪ್ಯಾಲೆಟ್ ಎತ್ತಿಕೊಂಡು ಫೋರ್ಕ್ (ಪ್ಯಾಲೆಟ್ ಎತ್ತುವ ಕೈ) ಕ್ರೇನಿಗೆ ಮರಳಿದ ತಕ್ಷಣ ಒಂದು ಚಿತ್ರ ತೆಗೆಯುವಂತೆ ಕ್ರೇನನ್ನು ನಡೆಸುವ ಪಿಎಲ್‌ಸಿ ಕಂಪ್ಯೂಟರ್‌ನಲ್ಲಿ ಬರೆದರೆ ಕೆಲವು ವಾರಗಳಲ್ಲಿ ಹಿಂಭಾಗದ ಬಹುಪಾಲು ತಾನಾಗಿ ತುಂಬುತ್ತದೆ.

ಕಡೆಯ ಮಾತು ಡೇಟಾ ಬಗ್ಗೆ. ಕಚ್ಚಾ ಚಿತ್ರ ಒಂದಕ್ಕೆ 5 ಎಂಬಿ ಲೆಕ್ಕದಲ್ಲಿ ಓಣಿಗೆ 24 ಜಿಬಿ. ಓಡುವ ಕ್ರೇನಿನಿಂದ ವೈಫೈ ಮೂಲಕ ಇದನ್ನು ಕಳಿಸಲು ಹೋದರೆ ಕ್ರೇನಿನ ನಿಯಂತ್ರಣ ಸಂದೇಶಗಳೇ ತಡವಾಗಿ ಕ್ರೇನ್ ನಿಲ್ಲಬಹುದು. ಕ್ರೇನ್ ಮೇಲೆಯೇ ಒಂದು ಚಿಕ್ಕ ಕೈಗಾರಿಕಾ ಕಂಪ್ಯೂಟರ್ ಇಟ್ಟು, ಅದರಲ್ಲಿ ಉಳಿಸಿ, ಓಣಿಯ ತುದಿಯಲ್ಲಿ ನಿಂತಾಗ ಪ್ರತ್ಯೇಕ ಜಾಲದಲ್ಲಿ ಇಳಿಸಿಕೊಳ್ಳಿ.

ಪ್ರಶ್ನೆ: ಚಿತ್ರದಲ್ಲಿ ಒಂದು ಕಂಬ ಬಾಗಿದಂತೆ ಕಾಣುತ್ತಿದೆ. ಎಷ್ಟು ಬಾಗಿದರೆ ಅಪಾಯ? ಕ್ಯಾಮೆರಾದಲ್ಲೇ ಅಳೆಯಬಹುದೇ?
— ಸುರಕ್ಷತಾ ಅಧಿಕಾರಿ, ಬಿಡದಿ

ಉತ್ತರ: ಒಂದೇ ಕ್ಯಾಮೆರಾದಿಂದ ಅಳೆಯಬೇಡಿ. ಅದಕ್ಕೆ ಆಳ ತಿಳಿಯದು, ಅದು ಕೂತಿರುವ ಮಾಸ್ಟ್ ಕೂಡ ಅಲ್ಲಾಡುತ್ತದೆ. ಕ್ಯಾಮೆರಾ ಅನುಮಾನದ ಜಾಗ ತೋರಿಸಲಿ, ಅಳತೆಯನ್ನು 1 ಮೀಟರ್ ಉದ್ದದ ನೇರ ಪಟ್ಟಿಯಿಂದ ಅಥವಾ ಲೇಸರ್ ಪ್ರೊಫೈಲ್ ಸೆನ್ಸರ್‌ನಿಂದ ಮಾಡಿ.

ಯುರೋಪಿನ ಇಎನ್ 15635 ಮಾನದಂಡದ ಮಿತಿಗಳನ್ನು ನಮ್ಮಲ್ಲೂ ಅನೇಕರು ಅನುಸರಿಸುತ್ತಾರೆ. ಬಾಗಿದ ಕಂಬದ ಒಳಬಾಗಿನ ಕಡೆ, ಹೆಚ್ಚು ಬಾಗಿರುವ ಜಾಗ ಪಟ್ಟಿಯ ನಡುವೆ ಬರುವಂತೆ 1 ಮೀಟರ್ ಪಟ್ಟಿ ಹಿಡಿಯಿರಿ. ಓಣಿಯ ಉದ್ದಕ್ಕೆ, ಅಂದರೆ ಬೀಮ್ ಹೋಗುವ ದಿಕ್ಕಿಗೆ ಬಾಗಿದ್ದರೆ ಪಟ್ಟಿಗೂ ಕಂಬಕ್ಕೂ ನಡುವಿನ ಸಂದು 5 ಮಿ.ಮೀ. ಮೀರಬಾರದು. ರ‍್ಯಾಕ್‌ನ ಆಳದ ದಿಕ್ಕಿಗೆ ಬಾಗಿದ್ದರೆ 3 ಮಿ.ಮೀ. ಎರಡು ಕಂಬಗಳನ್ನು ಕಟ್ಟಿರುವ ಬ್ರೇಸಿಂಗ್ ಪಟ್ಟಿಗೆ 10 ಮಿ.ಮೀ. ಮಿತಿಯೊಳಗಿದ್ದರೆ ಹಸಿರು: ಬರೆದಿಟ್ಟು ಮುಂದಿನ ಬಾರಿ ನೋಡಿ. ಮಿತಿ ದಾಟಿ ಅದರ ಎರಡರಷ್ಟರ ಒಳಗಿದ್ದರೆ ಹಳದಿ: ಇದ್ದ ಸರಕು ಹೊರ ಬಂದ ಮೇಲೆ ಹೊಸ ಸರಕು ಇಡಬೇಡಿ, ನಾಲ್ಕು ವಾರದೊಳಗೆ ದುರಸ್ತಿ ಮಾಡಿ. ಎರಡರಷ್ಟನ್ನೂ ದಾಟಿದರೆ ಕೆಂಪು: ಈಗಲೇ ಇಳಿಸಿ. ಮುರಿದ, ಮಡಚಿದ, ಸೀಳಿದ ಕಂಬಕ್ಕೆ ಅಳತೆಯೇ ಬೇಡ, ನೇರವಾಗಿ ಕೆಂಪು.

ಸರಕು ಹೊತ್ತ ಬೀಮ್ ತನ್ನ ಉದ್ದದ 200ರಲ್ಲಿ ಒಂದು ಭಾಗದವರೆಗೆ ಜೋತುಬೀಳಬಹುದು. 2700 ಮಿ.ಮೀ. ಬೀಮ್‌ಗೆ ಅದು 13.5 ಮಿ.ಮೀ. ಇದು ಸರಕು ಇಳಿಸಿದ ಮೇಲೂ ಉಳಿದರೆ ಬೀಮ್ ಮೇಲೆ ಹೆಚ್ಚು ಹೊರೆ ಬಿದ್ದಿದೆ ಎಂದರ್ಥ. ಕ್ರೇನ್ ರ‍್ಯಾಕ್‌ಗಳಲ್ಲಿ ತಯಾರಕರು ಇದಕ್ಕಿಂತ ಬಿಗಿಯಾದ ಮಿತಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಕೆಂಪು ಎಂದು ತೀರ್ಮಾನವಾದ ಮೇಲೆ ಆ ಖಾನೆಗಳನ್ನು ಗೋದಾಮಿನ ಸಾಫ್ಟ್‌ವೇರ್‌ನಲ್ಲಿ ಬಂದ್ ಮಾಡುವುದು ಯಾರ ಕೆಲಸ ಎಂಬುದು ಮೊದಲೇ ಬರೆದಿರಬೇಕು. ಕಂಬವೊಂದು ಕುಸಿದರೆ ಅದರ ಎರಡೂ ಬದಿಯ ಖಾನೆಗಳು ಕುಸಿಯುತ್ತವೆ. ಆದ್ದರಿಂದ ಬಂದ್ ಮಾಡಬೇಕಾದ್ದು ಒಂದು ಖಾನೆಯಲ್ಲ, ಆ ಕಂಬದ ಎಡಬಲದ ಎಲ್ಲ ಮಹಡಿಗಳು. ಚಿತ್ರ ಸಿಕ್ಕಿ, ವರದಿ ಹೋಗಿ, ಅದೇ ಖಾನೆಗೆ ಮರುದಿನ ಒಂದು ಟನ್ ಸರಕು ಏರಿದರೆ ಕ್ಯಾಮೆರಾ ಇದ್ದೂ ಇಲ್ಲದಂತೆ.

ಪ್ರಶ್ನೆ: ಕ್ರೇನಿನಲ್ಲಿ ಈಗಾಗಲೇ ಖಾನೆಯ ಸ್ಥಾನ ನೋಡುವ ಚಿಕ್ಕ ಕ್ಯಾಮೆರಾ ಇದೆ. ತಪಾಸಣೆಗೂ ಅದನ್ನೇ ಬಳಸಬಹುದೇ?
— ಪಿಎಲ್‌ಸಿ ತಂತ್ರಜ್ಞ, ಜಿಗಣಿ

ಉತ್ತರ: ಅದರ ಚಿತ್ರಕ್ಕಿಂತ ಅದರ ಅಂಕಿಗಳು ಬೆಲೆಯುಳ್ಳವು. ಆ ಕ್ಯಾಮೆರಾ ರ‍್ಯಾಕ್‌ನ ತೂತನ್ನೋ ಪ್ರತಿಫಲಕವನ್ನೋ ನೋಡಿ, ಫೋರ್ಕ್ ಎಷ್ಟು ಮಿ.ಮೀ. ಅಡ್ಡಕ್ಕೆ, ಎಷ್ಟು ಮಿ.ಮೀ. ಮೇಲಕ್ಕೆ ಸರಿಯಬೇಕು ಎಂದು ಹೇಳುತ್ತದೆ. ಕ್ರೇನ್ ಅಷ್ಟು ಸರಿದು ಕೆಲಸ ಮುಗಿಸುತ್ತದೆ, ಅಂಕಿ ಅಳಿಸಿಹೋಗುತ್ತದೆ. ಅಳಿಸಲು ಬಿಡಬೇಡಿ. ಪ್ರತಿ ಭೇಟಿಯಲ್ಲಿ ಖಾನೆ ಸಂಖ್ಯೆ, ಸಮಯ, ಅಡ್ಡ ಮತ್ತು ಎತ್ತರದ ವ್ಯತ್ಯಾಸ, ಪ್ಯಾಲೆಟ್ ತೂಕ ಇಷ್ಟನ್ನು ಒಂದು ಕೋಷ್ಟಕಕ್ಕೆ ಬರೆಸಿ. ಹೆಚ್ಚು ಖರ್ಚಿಲ್ಲದ ಇಷ್ಟು ಒಳ್ಳೆಯ ರ‍್ಯಾಕ್ ತಪಾಸಣೆ ಬೇರೆ ಇಲ್ಲ.

ಮೂರು ತಿಂಗಳ ಅಂಕಿ ಸೇರಿದ ಮೇಲೆ ಹೀಗೆ ಓದಿ. ಒಂದು ಕಂಬದ ಸಾಲಿನ ಖಾನೆಗಳೆಲ್ಲ ಒಂದೇ ಕಡೆಗೆ ಸರಿಯುತ್ತಿದ್ದು, ಮೇಲಕ್ಕೆ ಹೋದಂತೆ ಅದು ಹೆಚ್ಚಾಗುತ್ತಿದ್ದರೆ ಕಂಬ ವಾಲುತ್ತಿದೆ: ನೆಲ ಕುಸಿದಿದೆ ಅಥವಾ ಆ್ಯಂಕರ್ ಸಡಿಲವಾಗಿದೆ. ಒಂದು ಎತ್ತರದ ನಂತರ ಮಾತ್ರ ವ್ಯತ್ಯಾಸ ಹಠಾತ್ತನೆ ಶುರುವಾಗಿದ್ದರೆ ಅಲ್ಲೇ ಪೆಟ್ಟು ಬಿದ್ದಿದೆ. ಎಲ್ಲ ಕಂಬಗಳಲ್ಲೂ ಎತ್ತರದ ವ್ಯತ್ಯಾಸ ಒಂದೇ ಸಮ ಬದಲಾದರೆ ರ‍್ಯಾಕ್ ಬಿಟ್ಟು ಕ್ರೇನ್ ನೋಡಿ: ಎತ್ತುವ ಹಗ್ಗವೋ ಬೆಲ್ಟೋ ಹಿಗ್ಗಿದೆ. ಮಧ್ಯಾಹ್ನ ಹೆಚ್ಚಾಗಿ ಬೆಳಗಿನ ಜಾವ ಕಡಿಮೆಯಾದರೆ ಅದು ಶಾಖ. ಉಕ್ಕು ಮೀಟರಿಗೆ, ಡಿಗ್ರಿಗೆ 0.012 ಮಿ.ಮೀ. ಹಿಗ್ಗುತ್ತದೆ. 18 ಮೀಟರ್ ಕಂಬ 10 ಡಿಗ್ರಿಗೆ 2 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ತಗಡಿನ ಚಾವಣಿಯ ಕೆಳಗೆ ಇದು ದಿನವೂ ನಡೆಯುತ್ತದೆ, ಗಾಬರಿ ಬೇಡ. ಹಾಗಾಗಿಯೇ ಹೋಲಿಕೆ ಯಾವಾಗಲೂ ದಿನದ ಒಂದೇ ಹೊತ್ತಿನ ಅಂಕಿಗಳ ನಡುವೆ ಇರಬೇಕು.

ಇಂಥ ಸೂಕ್ಷ್ಮ ಸ್ಥಾನ ನಿರ್ಣಯ ಇಲ್ಲದ ಕ್ರೇನಿನ ರ‍್ಯಾಕನ್ನು ಇಎನ್ 15620 ಮಾನದಂಡ 100ನೇ ವರ್ಗವೆಂದೂ, ಇರುವುದನ್ನು 200ನೇ ವರ್ಗವೆಂದೂ ಕರೆಯುತ್ತದೆ. 200ನೇ ವರ್ಗದಲ್ಲಿ ಒಂದು ಅಪಾಯ ಅಡಗಿದೆ: ರ‍್ಯಾಕ್ ವಾಲಿದರೂ ಕ್ರೇನ್ ಹೊಂದಿಕೊಂಡು ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅಂಕಿ ಬರೆದಿಡಬೇಕು ಎನ್ನುವುದು ಇದಕ್ಕೇ.

ಪ್ರಶ್ನೆ: ಗೋದಾಮಿನಲ್ಲಿ ಇರುವ ಸಿಸಿಟಿವಿಯಲ್ಲೇ ಈ ಕೆಲಸ ಆಗುವುದಿಲ್ಲವೇ?
— ಲೆಕ್ಕ ವಿಭಾಗ, ಹುಬ್ಬಳ್ಳಿ

ಉತ್ತರ: ಕ್ರೇನ್ ನಿಂತಾಗ ಏನಾಯಿತೆಂದು ಕೋಣೆಯಲ್ಲೇ ಕೂತು ನೋಡಲು ಸಿಸಿಟಿವಿ ಒಳ್ಳೆಯದು. ಬರೀ ಅದಕ್ಕೆಂದೇ ಫೋರ್ಕ್ ಕಡೆ ಮುಖ ಮಾಡಿ ಒಂದನ್ನು ಕ್ಯಾರಿಯೇಜ್‌ನಲ್ಲಿ ಹಾಕಿಸಿ, ಓಣಿಯೊಳಗೆ ಹೋಗುವ ಎಷ್ಟೋ ಸಂದರ್ಭ ತಪ್ಪುತ್ತವೆ. ತಪಾಸಣೆಗೆ ಮಾತ್ರ ಅದು ಒಗ್ಗುವುದಿಲ್ಲ. ವಿಡಿಯೊ ಕುಗ್ಗಿಸುವಾಗ ಅದು ಮೊದಲು ಎಸೆಯುವುದೇ ಸಣ್ಣ ಬಿರುಕು, ಸಣ್ಣ ಅಂಚುಗಳನ್ನು. ಬೆಳಕನ್ನೂ ತಾನೇ ಹೊಂದಿಸಿಕೊಳ್ಳುವುದರಿಂದ ಎರಡು ತಿಂಗಳ ಚಿತ್ರಗಳನ್ನು ಹೋಲಿಸಲಾಗದು.

ಪ್ರಶ್ನೆ: ಸರಕು ಒಳಹೋಗುವ ಕನ್ವೇಯರ್‌ನಲ್ಲೇ ನಮ್ಮ ಅರ್ಧ ತೊಂದರೆ. ಪ್ಯಾಲೆಟ್ ಸಿಕ್ಕಿಹಾಕಿಕೊಳ್ಳುತ್ತದೆ, ಇಲ್ಲವೇ ಒಳಗೆ ಹೋಗಿ ಖಾನೆಯಲ್ಲಿ ಕೂರುವಾಗ ಕ್ರೇನ್ ದೋಷ ತೋರಿಸುತ್ತದೆ. ಬಾಗಿಲಲ್ಲೇ ಕ್ಯಾಮೆರಾ ಇಟ್ಟು ತಡೆಯುವುದು ಹೇಗೆ?
— ಉಗ್ರಾಣ ಮೇಲ್ವಿಚಾರಕ, ಹೊಸಕೋಟೆ

ಉತ್ತರ: ಬಾಗಿಲಲ್ಲಿ ಹಾಕಿದ ಒಂದು ರೂಪಾಯಿ ಓಣಿಯೊಳಗಿನ ಹತ್ತು ರೂಪಾಯಿ ಉಳಿಸುತ್ತದೆ. ಕೆಟ್ಟ ಪ್ಯಾಲೆಟ್ ಕನ್ವೇಯರ್ ಮೇಲಿದ್ದರೆ ಕೈಯಿಂದ ತೆಗೆಯಬಹುದು. ಅದೇ 15 ಮೀಟರ್ ಎತ್ತರದಲ್ಲಿ ಮುರಿದರೆ ಓಣಿಯ ವಿದ್ಯುತ್ ಕಡಿದು, ಬೀಗ ಹಾಕಿ, ಸರಂಜಾಮು ಕಟ್ಟಿಕೊಂಡು ಮನುಷ್ಯ ಹತ್ತಬೇಕು.

ಹೆಚ್ಚಿನ ಗೋದಾಮುಗಳಲ್ಲಿ ಬಾಗಿಲ ಬಳಿ ಬೆಳಕಿನ ಪರದೆಗಳ ಕಮಾನು ಇರುತ್ತದೆ. ಸರಕು ಎತ್ತರ, ಅಗಲ ಮೀರಿದೆಯೇ ಎಂದಷ್ಟೇ ಅದು ನೋಡುತ್ತದೆ. ಪ್ಯಾಲೆಟ್‌ನ ಹೊಟ್ಟೆ ಕೆಳಗೆ ಏನಿದೆ ಎಂಬುದು ಅದಕ್ಕೆ ಕಾಣದು, ತೊಂದರೆ ಶುರುವಾಗುವುದು ಅಲ್ಲೇ. ಕೆಳಗಿನ ಹಲಗೆ ಸೀಳಿ ಸರಪಳಿಗೆ ಸಿಕ್ಕುತ್ತದೆ. ಮೂಲೆಯ ದಿಮ್ಮಿ ತಿರುಗಿ ಫೋರ್ಕ್ ಹೋಗುವ ದಾರಿಗೆ ಅಡ್ಡ ಬರುತ್ತದೆ. ಮೊಳೆ ಹೊರಗೆ ಚಾಚುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸರಕಿಗೆ ಸುತ್ತುವ ಪ್ಲಾಸ್ಟಿಕ್ ಸ್ಟ್ರೆಚ್ ಫಿಲ್ಮ್‌ನ ಬಾಲ ಜೋತು ಬಿದ್ದು ಸೆನ್ಸರ್ ಮುಂದೆ ಹಾರಾಡುತ್ತದೆ, ಕ್ರೇನ್ ಅದನ್ನೇ ಸರಕು ಸರಿದಿದೆ ಎಂದು ತಿಳಿದು ನಿಲ್ಲುತ್ತದೆ.

ಎರಡು ಕನ್ವೇಯರ್‌ಗಳ ನಡುವಿನ 60-80 ಮಿ.ಮೀ. ಸಂದಿನಲ್ಲಿ ಮೇಲ್ಮುಖವಾಗಿ ನೋಡುವ, ಒಂದೊಂದೇ ಸಾಲು ಓದುವ ಒಂದು ಲೈನ್-ಸ್ಕ್ಯಾನ್ ಕ್ಯಾಮೆರಾ ಇಡಿ. 2048 ಪಿಕ್ಸೆಲ್‌ನದ್ದು ಸಾಕು. ಪಿಕ್ಸೆಲ್‌ಗೆ 0.6 ಮಿ.ಮೀ. ಲೆಕ್ಕದಲ್ಲಿ 1229 ಮಿ.ಮೀ. ಅಗಲ ಬರುತ್ತದೆ, 1200 × 1000 ಪ್ಯಾಲೆಟ್ ಯಾವ ಬದಿಯಿಂದ ಬಂದರೂ ಹಿಡಿಯುತ್ತದೆ. ಕನ್ವೇಯರ್ ನಿಮಿಷಕ್ಕೆ 12 ಮೀಟರ್ ಓಡುತ್ತಿದ್ದರೆ ಸೆಕೆಂಡಿಗೆ 333 ಸಾಲು ಓದಿದರಾಯಿತು, ಇಂದಿನ ಕ್ಯಾಮೆರಾಗಳಿಗೆ ಇದು ಏನೂ ಅಲ್ಲ. ಸಾಲುಗಳ ತಾಳ ಕನ್ವೇಯರ್ ಎನ್‌ಕೋಡರ್‌ನಿಂದಲೇ ಬರಬೇಕು. ಇಲ್ಲದಿದ್ದರೆ ಕನ್ವೇಯರ್ ನಿಧಾನವಾದಾಗಲೆಲ್ಲ ಹಲಗೆ ಉದ್ದವಾಗಿ ಕಾಣುತ್ತದೆ. ಮೇಲೆ ನೋಡುವ ಲೆನ್ಸ್ ಮೇಲೆ ಮರದ ಪುಡಿ, ದೂಳು ಬೀಳುವುದು ಖಂಡಿತ. ಕ್ಯಾಮೆರಾವನ್ನು ಓರೆಯಾಗಿಟ್ಟು ಕನ್ನಡಿಯ ಮೂಲಕ ನೋಡಿಸಿ, ಕಿಟಕಿ ಗಾಜಿಗೆ ಗಾಳಿಯ ಪರದೆ ಕೊಡಿ, ಗಾಜು ಸ್ಕ್ರೂ ಬಿಚ್ಚದೆ ಬದಲಾಯಿಸುವಂತಿರಲಿ.

ಪಕ್ಕದಿಂದ ಫೋರ್ಕ್ ಹೋಗುವ ತೂತುಗಳನ್ನು ನೋಡಲು ಇನ್ನೊಂದು ಕ್ಯಾಮೆರಾ, ಅದರ ಎದುರು ಬದಿಯಲ್ಲಿ ಬೆಳಕಿನ ಫಲಕ. ಬೆಳಕಿನ ಎದುರು ತೂತು ಬಿಳಿಯ ಆಯತವಾಗಿ ಕಾಣುತ್ತದೆ, ಅಡ್ಡ ಬಂದದ್ದೆಲ್ಲ ಕಪ್ಪು. 144 ಮಿ.ಮೀ. ಎತ್ತರದ ಯುರೋ ಪ್ಯಾಲೆಟ್‌ನಲ್ಲಿ ಈ ತೂತಿನ ಎತ್ತರ 100 ಮಿ.ಮೀ. ನಿಮ್ಮ ಫೋರ್ಕ್ ದಪ್ಪಕ್ಕೆ ಎರಡೂ ಕಡೆ ಎಷ್ಟು ಜಾಗ ಉಳಿಯುತ್ತದೆಂದು ಲೆಕ್ಕ ಹಾಕಿ ಮಿತಿ ಇಡಿ. ಫಿಲ್ಮ್‌ನ ಬಾಲವೂ ಇಲ್ಲೇ ಸಿಕ್ಕಿಬೀಳುತ್ತದೆ. ಆದರೆ ಪಾರದರ್ಶಕ ಫಿಲ್ಮ್ ಹಿಂಬದಿ ಬೆಳಕಿನಲ್ಲಿ ಕರಗಿಹೋಗಬಹುದು. ಬೆಳಕಿನ ಫಲಕಕ್ಕೂ ಲೆನ್ಸ್‌ಗೂ ಒಂದಕ್ಕೊಂದು ಅಡ್ಡವಾಗಿ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಬಿಡುವ ಗಾಜು) ಹಾಕಿದರೆ ಹಿನ್ನೆಲೆ ಕಪ್ಪಾಗಿ, ಎಳೆದ ಫಿಲ್ಮ್ ಮಾತ್ರ ಹೊಳೆಯುತ್ತದೆ. ಪೋಲರೈಸರ್ ಇಲ್ಲದ್ದು, ಇರುವುದು ಈ ಎರಡು ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯಬೇಕು.

ಕ್ಯಾಮೆರಾಕ್ಕೂ ಸಿಗದ ಒಂದು ದೋಷವಿದೆ. ಕನ್ವೇಯರ್ ಮೇಲೆ ಪ್ಯಾಲೆಟ್‌ಗೆ ನಡುವೆಯೂ ಆಸರೆ ಇರುತ್ತದೆ, ಅದು ನೆಟ್ಟಗೆ ಕೂರುತ್ತದೆ. ಖಾನೆಯಲ್ಲಿ ಎರಡು ಬೀಮ್‌ಗಳ ಮೇಲಷ್ಟೇ ಕೂತಾಗ ನಡು ಜೋತುಬೀಳುತ್ತದೆ, ಮುಂದಿನ ಬಾರಿ ಫೋರ್ಕ್ ಒಳಹೋಗುವಾಗ ತಗಲುತ್ತದೆ. ನಿಮ್ಮ ಕ್ರೇನ್ ಖಾನೆಯಲ್ಲಿ ತೋರಿಸುವ ದೋಷಕ್ಕೆ ಇದು ಕಾರಣವಾಗಿರಬಹುದು. ಬಾಗಿಲಲ್ಲೇ ಪ್ಯಾಲೆಟ್ಟನ್ನು ಖಾನೆಯ ಬೀಮ್‌ಗಳಷ್ಟೇ ಅಂತರದ ಎರಡು ಆಸರೆಗಳ ಮೇಲೆ ಎತ್ತಿ, ಕೆಲವು ಸೆಕೆಂಡ್ ನಿಲ್ಲಿಸಿ, ನಡುವಿನ ಇಳಿತವನ್ನು ಲೇಸರ್ ದೂರಮಾಪಕದಿಂದ ಅಳೆಯಿರಿ. ಒದ್ದೆ ಮರದ ಪ್ಯಾಲೆಟ್ ಮತ್ತು ಹಳೆಯ ಪ್ಲಾಸ್ಟಿಕ್ ಪ್ಯಾಲೆಟ್ ಇಲ್ಲಿ ಬಯಲಾಗುತ್ತವೆ. ಪ್ಲಾಸ್ಟಿಕ್ ಹೊತ್ತು ಕಳೆದಂತೆ ಇನ್ನೂ ಜೋಲುವುದರಿಂದ ಅದಕ್ಕೆ ಬಿಗಿಯಾದ ಮಿತಿ ಇಡಿ.

ತಿರಸ್ಕರಿಸಿದ ಪ್ಯಾಲೆಟ್ ಹೋಗಲು ಪಕ್ಕದ ದಾರಿ ಇರಲೇಬೇಕು. ಅದಿಲ್ಲದೆ ಕ್ಯಾಮೆರಾ ಹಾಕಿದರೆ ಲಾರಿ ಕಾಯುತ್ತಿರುವ ಸಂಜೆ ಯಾರಾದರೂ ಅದನ್ನು ಬೈಪಾಸ್ ಮಾಡುತ್ತಾರೆ. ತಪ್ಪು ಅವರದಲ್ಲ, ದಾರಿ ಕೊಡದ ವಿನ್ಯಾಸದ್ದು.

ಪ್ರಶ್ನೆ: ಮೈನಸ್ 25 ಡಿಗ್ರಿಯ ಮೀನಿನ ಶೀತಲಗೃಹ ನಮ್ಮದು. ಕ್ಯಾಮೆರಾ ಹಾಕಿದ ವಾರದಲ್ಲೇ ಚಿತ್ರ ಮಂಜಾಗಿದೆ.
— ಮಂಗಳೂರು

ಉತ್ತರ: ಕ್ಯಾಮೆರಾ ಚಳಿಯಲ್ಲಿ ಇರುವುದರಿಂದ ಹೀಗಾಗುವುದಿಲ್ಲ, ಚಳಿಗೂ ಸೆಕೆಗೂ ಓಡಾಡುವುದರಿಂದ ಆಗುತ್ತದೆ. ಕರಾವಳಿಯ ತೇವದ ಗಾಳಿ ತಣ್ಣನೆಯ ಗಾಜನ್ನು ಮುಟ್ಟಿದರೆ ನೀರಾಗಿ, ಮರಳಿ ಒಳಗೆ ಹೋದಾಗ ಹಿಮವಾಗುತ್ತದೆ. ಕ್ರೇನ್ ದುರಸ್ತಿ ಜಾಗಕ್ಕೆ ಬರುವಾಗ, ಬಾಗಿಲು ತೆರೆದಾಗ ಇದೇ ಆಗುವುದು. ಹೀಟರ್ ಇರುವ, ದೂಳು, ನೀರು ಒಳಬಾರದ ಐಪಿ67 ಮಟ್ಟದ ಪೆಟ್ಟಿಗೆ ಬೇಕು. ಒಳಗೆ ತೇವ ಹೀರುವ ಸಿಲಿಕಾ ಚೀಲ ಇರಲಿ. ವಿದ್ಯುತ್ ಎಂದೂ ಆರಬಾರದು: ಕ್ರೇನ್ ಮೇನ್ ಆಫ್ ಮಾಡಿದರೂ ಹೀಟರ್‌ಗೆ ಪ್ರತ್ಯೇಕ ಸಾಲು ಇರಲಿ. ಆದರೆ ಕೆಲಸದವರು ಓಣಿಗೆ ಇಳಿಯುವಾಗ ಆ ಸಾಲನ್ನೂ ಬೀಗ ಹಾಕುವ ಪಟ್ಟಿಯಲ್ಲಿ ಸೇರಿಸಬೇಕು.

ಕ್ಯಾಮೆರಾ ಹೊರತರಬೇಕಾದರೆ ಒಳಗೇ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೊರಗೆ ತಂದು ಕೋಣೆಯ ಶಾಖಕ್ಕೆ ಬರುವವರೆಗೆ ಬಿಚ್ಚಬೇಡಿ. ಪಿವಿಸಿ ಕೇಬಲ್ ಈ ಚಳಿಗೆ ಸೆಟೆದು ಸೀಳುತ್ತದೆ, ಪಿಯುಆರ್ (ಪಾಲಿಯುರೆಥೇನ್) ಹೊದಿಕೆಯದ್ದನ್ನು ಎಳೆಯಿರಿ. ಎಲ್‌ಇಡಿ ಚಳಿಯಲ್ಲಿ ಹೆಚ್ಚು ಬೆಳಗುವುದರಿಂದ ಹೊರಗೆ ಹೊಂದಿಸಿದ ಬೆಳಕು ಒಳಗೆ ಸರಿಹೋಗದು. ಅಂತಿಮ ಹೊಂದಾಣಿಕೆ ಒಳಗೇ ಆಗಬೇಕು.

ಪ್ರಶ್ನೆ: ದೋಷ ಗುರುತಿಸುವ ನಮ್ಮ ಎಐ ಮಾದರಿ 98% ನಿಖರ ಎಂದು ಮಾರಾಟಗಾರರು ಹೇಳುತ್ತಾರೆ. ನಂಬಬಹುದೇ?
— ಸಾಫ್ಟ್‌ವೇರ್ ವಿಭಾಗ, ಬೆಂಗಳೂರು

ಉತ್ತರ: ಬೆಳ್ಳಗಿರುವುದೆಲ್ಲ ಹಾಲಲ್ಲ. ಮೊದಲ ಪತ್ರದ ಗೋದಾಮನ್ನೇ ತೆಗೆದುಕೊಳ್ಳಿ. ನಾಲ್ಕು ಓಣಿಗೆ 19,200 ಚಿತ್ರ. ನಿಜವಾದ ದೋಷ 10 ಚಿತ್ರಗಳಲ್ಲಿದೆ ಎಂದುಕೊಳ್ಳೋಣ. ಒಳ್ಳೆಯದರಲ್ಲೂ ಕೆಟ್ಟದರಲ್ಲೂ 98% ಸರಿ ಹೇಳುವ ಮಾದರಿ ಆ ಹತ್ತನ್ನೂ ಹಿಡಿಯಬಹುದು. ಆದರೆ ಚೆನ್ನಾಗಿರುವ 19,190 ಚಿತ್ರಗಳಲ್ಲಿ 2%, ಅಂದರೆ ಸುಮಾರು 384ನ್ನು ಕೆಟ್ಟದ್ದು ಎನ್ನುತ್ತದೆ. ಪ್ರತಿ ಸುತ್ತಿಗೂ ಹೀಗೆ ಆದರೆ ಮೂರನೇ ತಿಂಗಳಿಗೆ ಯಾರೂ ವರದಿ ತೆರೆಯುವುದಿಲ್ಲ. ತೋಳ ಬಂತು ತೋಳ ಎಂದ ಹುಡುಗನ ಕಥೆಯೇ. ಇನ್ನು ಏನನ್ನೂ ನೋಡದೆ ಎಲ್ಲವನ್ನೂ ಚೆನ್ನಾಗಿದೆ ಎನ್ನುವ ಮಾದರಿಯ ನಿಖರತೆ ಈ ಗೋದಾಮಿನಲ್ಲಿ 99.9% ದಾಟುತ್ತದೆ!

ಹಾಗಾಗಿ ಎರಡು ಅಂಕಿ ಕೇಳಿ: ನಿಜವಾದ ದೋಷಗಳಲ್ಲಿ ಎಷ್ಟು ಹಿಡಿದಿರಿ, ಸಾವಿರ ಒಳ್ಳೆಯ ಚಿತ್ರಕ್ಕೆ ಎಷ್ಟು ಸುಳ್ಳು ಎಚ್ಚರಿಕೆ. ಮೂರನೆಯದಾಗಿ, ಪರೀಕ್ಷೆಯ ಚಿತ್ರಗಳನ್ನು ಹೇಗೆ ಬೇರ್ಪಡಿಸಿದಿರಿ ಎಂದು ಕೇಳಿ. ನಮ್ಮ ಚಿತ್ರಗಳು ಒಂದರ ಮೇಲೊಂದು ಹಾಯುತ್ತವೆ. ಯಾದೃಚ್ಛಿಕವಾಗಿ ಬೇರ್ಪಡಿಸಿದರೆ ಒಂದೇ ತಗ್ಗಿನ ಒಂದು ಚಿತ್ರ ಕಲಿಕೆಗೂ ಇನ್ನೊಂದು ಪರೀಕ್ಷೆಗೂ ಹೋಗುತ್ತದೆ, ಅಂಕ ಚೆನ್ನಾಗಿ ಬರುತ್ತದೆ. ಮೂರು ಓಣಿಯಲ್ಲಿ ಕಲಿಸಿ, ನಾಲ್ಕನೆಯದರಲ್ಲಿ ಪರೀಕ್ಷಿಸಬೇಕು.

ದೋಷದ ಚಿತ್ರಗಳು ಕಡಿಮೆ ಇರುವ ಇಂಥ ಕಡೆ ನಾವು ಹೆಚ್ಚು ನೆಚ್ಚುವುದು ಹೋಲಿಕೆಯನ್ನು. ಕಂಬದಲ್ಲಿ 50 ಅಥವಾ 75 ಮಿ.ಮೀ.ಗೊಂದು ತೂತು ಇದ್ದೇ ಇರುತ್ತದೆ. ಆ ತೂತುಗಳನ್ನೇ ಗುರುತಾಗಿಟ್ಟು ಈ ತಿಂಗಳ ಚಿತ್ರವನ್ನು ಹಿಂದಿನ ತಿಂಗಳ ಚಿತ್ರದ ಮೇಲೆ ಕೂರಿಸಿ, ಬದಲಾದದ್ದನ್ನು ಮಾತ್ರ ಮಾದರಿಗೆ ಕೊಡಿ. ಹಳೆಯ ಗೀರು, ಬಣ್ಣ ಬಳಿದ ಕಲೆ, ಅಂಟಿಸಿದ ಚೀಟಿ ಇವೆಲ್ಲ ತಾವಾಗಿ ಉದುರಿಹೋಗುತ್ತವೆ.

ಪ್ರಶ್ನೆ: ಥರ್ಮಲ್ ಕ್ಯಾಮೆರಾದಲ್ಲಿ ಕ್ರೇನಿಗೆ ವಿದ್ಯುತ್ ಕೊಡುವ ಬಸ್‌ಬಾರ್ ನೋಡಿದರೆ ತಣ್ಣಗಿದೆ ಎನ್ನುತ್ತದೆ. ಆದರೂ ಅದಕ್ಕೆ ತಾಗಿ ಜಾರುವ ಕಾರ್ಬನ್ ಬೇಗ ಸುಡುತ್ತಿದೆ.
— ಎಲೆಕ್ಟ್ರಿಷಿಯನ್, ತುಮಕೂರು

ಉತ್ತರ: ಹೊಳೆಯುವ ತಾಮ್ರ ತನ್ನ ಶಾಖವನ್ನು ಹೊರಸೂಸುವುದೇ ಬಹಳ ಕಡಿಮೆ. ಕ್ಯಾಮೆರಾಕ್ಕೆ ಕಾಣುವುದು ಅದರಲ್ಲಿ ಪ್ರತಿಫಲಿಸಿದ ಸುತ್ತಲಿನ ಶಾಖ. ವಿದ್ಯುತ್ ಕಡಿದು ಬೀಗ ಹಾಕಿದ ಮೇಲೆ ಕಾರ್ಬನ್ ಹಿಡಿದಿರುವ ಕಲೆಕ್ಟರ್ ತೋಳಿನ ಲೋಹಕ್ಕೆ, ಕೇಬಲ್ ಲಗ್‌ಗಳಿಗೆ ಕಪ್ಪು ಎಲೆಕ್ಟ್ರಿಕಲ್ ಟೇಪ್‌ನ ತುಂಡು ಅಂಟಿಸಿ, ಕ್ಯಾಮೆರಾದಲ್ಲಿ ಎಮಿಸಿವಿಟಿ (ಶಾಖ ಹೊರಸೂಸುವ ಪ್ರಮಾಣ) 0.95 ಇಟ್ಟು ಟೇಪನ್ನೇ ಅಳೆಯಿರಿ. ಕ್ರೇನ್ ಅರ್ಧ ಗಂಟೆಯಾದರೂ ಸರಕು ಹೊತ್ತು ಓಡಿದ ತಕ್ಷಣ ನೋಡಬೇಕು. ಒಂದು ಫೇಸ್‌ನ ಶಾಖವನ್ನು ಉಳಿದೆರಡರ ಜತೆ ಹೋಲಿಸಿ. ಒಂದೇ ಬಿಸಿಯಾಗಿದ್ದರೆ ಆ ತೋಳಿನ ಸ್ಪ್ರಿಂಗ್ ಸತ್ತಿದೆ ಅಥವಾ ಲಗ್ ಸಡಿಲ. ಮೂರೂ ಬಿಸಿಯಾದರೆ ಬಸ್‌ಬಾರ್ ಜೋಡಣೆಯಲ್ಲಿ ಮೆಟ್ಟಿಲಿದ್ದು ಕಾರ್ಬನ್ ಅಲ್ಲಿ ಕುಪ್ಪಳಿಸಿ ಕಿಡಿ ಹಾರಿಸುತ್ತಿರಬಹುದು. ಆ ಕಿಡಿ ನೋಡಲು ಸಾಮಾನ್ಯ ಕ್ಯಾಮೆರಾವೇ ಉತ್ತಮ: ರಾತ್ರಿ ದೀಪ ಆರಿಸಿ ಕ್ರೇನ್ ಓಡಿಸಿದರೆ ಓಣಿಯ ಎಷ್ಟನೇ ಮೀಟರ್‌ನಲ್ಲಿ ಕಿಡಿ ಹಾರಿತೆಂದು ಗೊತ್ತಾಗುತ್ತದೆ.

ದೂರವನ್ನೂ ಗಮನಿಸಿ. 320 × 240 ಪಿಕ್ಸೆಲ್, 24 ಡಿಗ್ರಿ ನೋಟದ ಥರ್ಮಲ್ ಕ್ಯಾಮೆರಾದಲ್ಲಿ 5 ಮೀಟರ್ ದೂರಕ್ಕೆ ಒಂದು ಪಿಕ್ಸೆಲ್ ಸುಮಾರು 6.6 ಮಿ.ಮೀ. ನಂಬುವಂಥ ಅಳತೆಗೆ ಮೂರು ಪಿಕ್ಸೆಲ್ ಅಗಲ, ಅಂದರೆ 20 ಮಿ.ಮೀ. ಬೇಕು. ಅದಕ್ಕಿಂತ ಚಿಕ್ಕ ಬಿಸಿ ಜಾಗ ಅಕ್ಕಪಕ್ಕದ ತಂಪಿನಲ್ಲಿ ಕರಗಿ ಕಡಿಮೆ ತೋರಿಸುತ್ತದೆ. ಪ್ಯಾನೆಲ್‌ನ ಗಾಜು, ಅಕ್ರಿಲಿಕ್ ಮುಚ್ಚಳದ ಮೂಲಕ ಥರ್ಮಲ್ ಕ್ಯಾಮೆರಾ ಏನನ್ನೂ ನೋಡಲಾರದು, ಮುಚ್ಚಳದ ಶಾಖವನ್ನಷ್ಟೇ ತೋರಿಸುತ್ತದೆ.

ಪ್ರಶ್ನೆ: ಈ ಕ್ಯಾಮೆರಾಗಳಲ್ಲಿ ನಮ್ಮ ಮುಖ, ನಮ್ಮ ಕೆಲಸದ ವೇಗ ಎಲ್ಲ ದಾಖಲಾಗುತ್ತದೆಯೇ?
— ಗೋದಾಮು ಕೆಲಸಗಾರರು, ಮಾಲೂರು

ಉತ್ತರ: ಕ್ರೇನಿನ ತಪಾಸಣಾ ಕ್ಯಾಮೆರಾದಲ್ಲಿ ದಾಖಲಾಗಬಾರದು. ಓಣಿಯ ಬಾಗಿಲು ಬೀಗ ಬಿದ್ದು ಒಳಗೆ ಯಾರೂ ಇಲ್ಲದಾಗ ಮಾತ್ರ ಅದು ಓಡುತ್ತದೆ. ಒಳಹೋಗುವ ಬಾಗಿಲಿನ ಕ್ಯಾಮೆರಾದಲ್ಲಿ ಕೈ, ಮುಖ ಬರಬಹುದು. ಪ್ಯಾಲೆಟ್ ಇರುವ ಚೌಕದ ಹೊರಗಿನದೆಲ್ಲವನ್ನೂ ಕ್ಯಾಮೆರಾದೊಳಗೇ ಕಪ್ಪು ಮಾಡಿ ಉಳಿಸುವುದು ಸುಲಭ, ಅದನ್ನು ಕೇಳಿ ಮಾಡಿಸಿಕೊಳ್ಳಿ. ಗುರುತಿಸಬಹುದಾದ ಮುಖದ ಚಿತ್ರ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ವೈಯಕ್ತಿಕ ದತ್ತಾಂಶವೇ. ರ‍್ಯಾಕ್ ನೋಡಲೆಂದು ಹಾಕಿದ ಕ್ಯಾಮೆರಾದಿಂದ ಕೆಲಸಗಾರರ ವೇಗ ಅಳೆಯುವುದು ತಪ್ಪು ಎನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ. ಹಾಗೆ ಮಾಡಿದ ಕಡೆ ಕೆಟ್ಟ ಪ್ಯಾಲೆಟ್ ಕಂಡರೂ ಯಾರೂ ಹೇಳಲು ಮುಂದೆ ಬರುವುದಿಲ್ಲ.

ಪ್ರಶ್ನೆ: ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ರೋಬೋಟ್ ಓಡುವ ಚೌಕುಳಿ ಗೋದಾಮಿಗೆ ಏನು ಮಾಡಬೇಕು?
— ನರಸಾಪುರ

ಉತ್ತರ: ಅಲ್ಲಿ ಪ್ರತಿ ಪೆಟ್ಟಿಗೆಯೂ ಒಂದಲ್ಲ ಒಂದು ದಿನ ಸರಕು ತೆಗೆದು ಹಾಕುವ ಕೆಲಸದ ಕಿಂಡಿಗೆ ಬರುತ್ತದೆ. ಕಿಂಡಿಯ ಮೇಲೆ ಕೆಳಮುಖವಾಗಿ ಒಂದು ಕ್ಯಾಮೆರಾ, ಅಂಚಿನ ಮಟ್ಟದಲ್ಲಿ ಅಡ್ಡಲಾಗಿ ಒಂದು ಲೇಸರ್ ಗೆರೆ ಇಡಿ. ಅಂಚಿಗಿಂತ ಮೇಲೆ ಚಾಚಿದ ಸರಕು ಆ ಗೆರೆಯನ್ನು ಮುರಿಯುತ್ತದೆ. ಅಂಥ ಪೆಟ್ಟಿಗೆ ಮರಳಿ ಹೋದರೆ ಮೇಲಿನ ಪೆಟ್ಟಿಗೆ ಓರೆಯಾಗಿ ಕೂತು ಇಡೀ ರಾಶಿ ಸಿಕ್ಕಿಕೊಳ್ಳುತ್ತದೆ. ರೋಬೋಟ್ ಹಿಡಿಯುವ ಮೂಲೆಗಳ ಬಿರುಕನ್ನೂ ಅದೇ ಚಿತ್ರದಲ್ಲಿ ನೋಡಿ. ಹೆಚ್ಚು ಓಡಾಡುವ ಪೆಟ್ಟಿಗೆಗಳು ಪದೇ ಪದೇ ಬರುತ್ತವೆ, ತಳದಲ್ಲಿ ಉಳಿದವು ತಿಂಗಳುಗಟ್ಟಲೆ ಬರುವುದಿಲ್ಲ. ಆರು ತಿಂಗಳಿಂದ ಚಿತ್ರವಿಲ್ಲದ ಪೆಟ್ಟಿಗೆಗಳ ಪಟ್ಟಿ ತೆಗೆದು, ಬಿಡುವಿನ ಹೊತ್ತಿನಲ್ಲಿ ಕರೆಸಿ ನೋಡಿ.

ಪ್ರಶ್ನೆ: ಲೆನ್ಸ್ ಎಷ್ಟು ದಿನಕ್ಕೊಮ್ಮೆ ಒರೆಸಬೇಕು?
— ಐಟಿಐ ತರಬೇತಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ದಿನ ಎಣಿಸಿ ಒರೆಸಬೇಡಿ, ಒರೆಸಿದಷ್ಟೂ ಗೀರು ಬೀಳುತ್ತದೆ. ಓಣಿಯ ತುದಿಯಲ್ಲಿ ಕಪ್ಪು-ಬಿಳಿ ಚೌಕುಳಿಯ ಒಂದು ಫಲಕ ಅಂಟಿಸಿ, ಪ್ರತಿ ಸುತ್ತಿನ ಆರಂಭದಲ್ಲಿ ಕ್ಯಾಮೆರಾ ಅದರ ಚಿತ್ರ ತೆಗೆಯಲಿ. ಬಿಳಿ ಮತ್ತು ಕಪ್ಪಿನ ನಡುವಿನ ಅಂತರ ಮೊದಲ ದಿನದ ಶೇ. 80ಕ್ಕೆ ಇಳಿದರೆ ಒರೆಸಿ: ಮೊದಲು ಗಾಳಿ ಊದಿ, ನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ಲೆನ್ಸ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ. ಒರೆಸಿದ ಮೇಲೂ ಅಂತರ ಏರದಿದ್ದರೆ ಎಲ್‌ಇಡಿ ಹಳತಾಗಿದೆ. ಫಲಕದ ಚೌಕಗಳೇ ಪಕ್ಕಕ್ಕೆ ಸರಿದು ಕಂಡರೆ ಕ್ಯಾಮೆರಾದ ಬ್ರ್ಯಾಕೆಟ್ ಸಡಿಲವಾಗಿದೆ. ಅದರ ಬೋಲ್ಟ್ ಬಿಗಿ ಮಾಡಿ ಮೊದಲಿನ ಜಾಗಕ್ಕೆ ತಂದ ಮೇಲೆಯೇ ಅಂದಿನ ಸುತ್ತು ಶುರು ಮಾಡಿ.